ಮನೆ ಗೋಡೆ ಮೇಲೆ ರಸ್ತೆ ಮಾರ್ಕಿಂಗ್ ಬಿತ್ತಾ? ಹೆದರಿ ಮಾರೋ ಮೊದಲು ಇಷ್ಟು ಕೆಲಸ ಮಾಡಿ

ಧಾರವಾಡದ ಹಳೇ ಭಾಗದಲ್ಲಿ ನಮ್ಮದೊಂದು ಮನೆ ಇದೆ. ಅಜ್ಜ ಕಟ್ಟಿಸಿದ್ದು. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಒಳಗೆ ಅಡುಗೆಮನೆ, ಹಿತ್ತಲಲ್ಲಿ ಒಂದು ಪೇರಲ ಗಿಡ. ಒಂದು ದಿನ ಬೆಳಿಗ್ಗೆ ಇಬ್ಬರು ಟೇಪ್ ಹಿಡ್ಕೊಂಡು ಬಂದರು. ರಸ್ತೆ ನಡುವಿನಿಂದ ಅಳೆದರು, ಪಡಸಾಲೆ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣ ಹಾಕಿದರು, ಪಕ್ಕದಲ್ಲಿ 3.20 ಅಂತ ಬರೆದು ಹೋದರು. ಏನಿದು ಅಂತ ಕೇಳಿದರೆ ‘ಮಾಸ್ಟರ್ ಪ್ಲಾನ್ ರೋಡು’ ಅಂದರು, ಅಷ್ಟೇ. ಕಾಗದ ಇಲ್ಲ, ನೋಟಿಸ್ ಇಲ್ಲ.

ಆ ಬಾಣ ಆರು ವರ್ಷ ಅಲ್ಲೇ ಇತ್ತು. ದೀಪಾವಳಿಗೆ ಸುಣ್ಣ ಹಚ್ಚುವಾಗ ಅವ್ವ ಅದರ ಮೇಲೂ ಬ್ರಷ್ ಎಳೆಯಲು ಹೋದರೆ ಅಪ್ಪ ತಡೆದರು, ಸರ್ಕಾರದ ಗುರುತು ಅಳಿಸಿದರೆ ಕೇಸ್ ಆಗುತ್ತೆ ಅಂತ ಅವರಿಗೆ ಭಯ. ಪಡಸಾಲೆ ಮಾಳಿಗೆ ಸೋರುತ್ತಿತ್ತು. ಹೇಗೂ ಕೆಡವುವ ಮನೆಗೆ ಯಾಕೆ ಖರ್ಚು ಅಂತ ರಿಪೇರಿ ಮಾಡಿಸಲಿಲ್ಲ. ಮಳೆಗಾಲ ಬಂದರೆ ಎರಡು ಪಾತ್ರೆ, ಒಂದು ಬಕೆಟ್ ಅಲ್ಲೇ ಕಾಯಂ. ತಂಗಿ ಮದುವೆಗೆ ಮನೆ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಒಲ್ಲೆ ಅಂದರು. ಕೊಳ್ಳಲು ಬಂದವರು ಅರ್ಧ ರೇಟ್ ಹೇಳಿದರು. ಇಷ್ಟೆಲ್ಲ ಆದರೂ ರಸ್ತೆ ಮಾತ್ರ ಬರಲಿಲ್ಲ.

ನಮ್ಮ ಕಡೆ ಇದಕ್ಕೆ ‘ಮನೆ ರೋಡಿಗೆ ಹೋಗುತ್ತೆ’ ಅಂತಾರೆ. ಇಂಗ್ಲಿಷಿನಲ್ಲಿ ಪ್ಲಾನಿಂಗ್ ಬ್ಲೈಟ್. ಆಲೂಗಡ್ಡೆಗೆ ಅಂಗಮಾರಿ ಬರುತ್ತಲ್ಲ, ಅದಕ್ಕೂ ಇದೇ ಪದ. ಸರಿಯಾದ ಹೆಸರೇ ಅನಿಸುತ್ತೆ ನನಗೆ: ಗಿಡ ಇನ್ನೂ ನಿಂತಿರುತ್ತೆ, ಒಳಗೆ ಕೊಳೆಯುತ್ತಾ ಇರುತ್ತೆ. ಬ್ರಿಟನ್ನಿನಲ್ಲಿ ಇಂಥ ಮನೆಯಲ್ಲಿ ವಾಸ ಇರುವ ಮಾಲೀಕ ‘ಹಾಗಾದರೆ ನೀವೇ ಕೊಂಡುಕೊಳ್ಳಿ’ ಅಂತ ಪ್ರಾಧಿಕಾರಕ್ಕೆ ನೋಟಿಸ್ ಕೊಡಬಹುದು. ನಮ್ಮಲ್ಲಿ ಅದೇ ರೀತಿಯ ದಾರಿ ಇಲ್ಲ. ಆದರೆ ಇರುವ ದಾರಿಗಳು ಕಡಿಮೆ ಏನಲ್ಲ, ಗೊತ್ತಿರಬೇಕು ಅಷ್ಟೇ. ನಮಗೆ ಆರು ವರ್ಷ ಗೊತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ನೀವು ಎಲ್ಲಿದ್ದೀರಿ ಅಂತ ಪತ್ತೆ ಮಾಡಿ

ಬಿಆರ್‌ಟಿಎಸ್‌ಗಾಗಿ (ಬಸ್ಸಿಗೇ ಮೀಸಲಾದ ದಾರಿ) ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿ.ಮೀ. ರಸ್ತೆ ಅಗಲ ಆಗಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಹಾಗಾಗಿ ಕೆಂಪು ಗುರುತು ಕಂಡ ಕೂಡಲೇ ನಾಳೆ ಜೆಸಿಬಿ ಬರುತ್ತೆ ಅಂತ ಎದೆ ಹೊಡೆದುಕೊಳ್ಳುತ್ತೆ. ಆದರೆ ಗುರುತಿಗೆ ಮೂರು ಅರ್ಥ ಇರಬಹುದು, ಮೂರಕ್ಕೂ ಔಷಧ ಬೇರೆ.

ಒಂದು, ಅದು ಬರೀ ಮಾಸ್ಟರ್ ಪ್ಲಾನ್ ನಕ್ಷೆಯ ಗೆರೆ. ಮಾಸ್ಟರ್ ಪ್ಲಾನ್ ಅಂದರೆ ಊರು ಮುಂದೆ ಹೇಗೆ ಬೆಳೆಯಬೇಕು ಅನ್ನೋ ಸರ್ಕಾರದ ಯೋಜನೆ, ಹಳಬರು ಇದನ್ನೇ ಸಿ.ಡಿ.ಪಿ. ಅನ್ನುತ್ತಾರೆ. ನಕ್ಷೆಯಲ್ಲಿ ನಿಮ್ಮ ಓಣಿಯನ್ನು 40 ಅಡಿಯೋ 60 ಅಡಿಯೋ ರಸ್ತೆ ಅಂತ ತೋರಿಸಿರುತ್ತಾರೆ. ಗೆರೆ ಎಳೆದ ಮಾತ್ರಕ್ಕೆ ಜಾಗ ಸರ್ಕಾರದ್ದಾಗಲ್ಲ, ಮಾಲೀಕರು ನೀವೇ. ಎರಡು, ನಿಮ್ಮ ಕಟ್ಟೆಯೋ ಮೆಟ್ಟಿಲೋ ಈಗಾಗಲೇ ಇರುವ ರಸ್ತೆ ಮೇಲೆ ಬಂದಿದೆ, ಅಂದರೆ ಒತ್ತುವರಿ ಅಂತ ಅವರ ಲೆಕ್ಕ. ಮೂರು, ನಿಜವಾದ ಭೂಸ್ವಾಧೀನ ಶುರುವಾಗಿದೆ. ಮೂರನೆಯದಾದರೆ ಅಧಿಸೂಚನೆ ಇರಲೇಬೇಕು. ಅಧಿಸೂಚನೆ ತೋರಿಸದೆ ‘ಸ್ವಾಧೀನ ಆಗಿದೆ’ ಅಂತ ಯಾರು ಹೇಳಿದರೂ ನಂಬಬೇಡಿ.

ಇದನ್ನು ತಿಳಿಯಲು ಓಣಿ ಕಟ್ಟೆ ಮೇಲೆ ಕೂತು ಮಾತಾಡಿದರೆ ಆಗಲ್ಲ. ಸಿಟಿ ಸರ್ವೆ ಕಚೇರಿಯಿಂದ ನಿಮ್ಮ ಸಿ.ಟಿ.ಎಸ್. ನಂಬರಿನ (ಸಿಟಿ ಸರ್ವೆಯಲ್ಲಿ ನಿಮ್ಮ ಜಾಗಕ್ಕೆ ಕೊಟ್ಟ ನಂಬರು) ಹೊಸ ಉತಾರ, ಅಂದರೆ ಆಸ್ತಿ ದಾಖಲೆಯ ಪ್ರತಿ, ಮತ್ತು ನಕ್ಷೆ ತೆಗೆಸಿ. ಉತಾರದಲ್ಲಿ ಎಷ್ಟು ಚದರ ಮೀಟರ್ ಇದೆ, ಸ್ಥಳದಲ್ಲಿ ಎಷ್ಟಿದೆ ಅಂತ ಹೋಲಿಸಿ ನೋಡಿ. ಹುಬ್ಬಳ್ಳಿ–ಧಾರವಾಡದವರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಹುಡಾದಲ್ಲಿ, ಆ ನಂಬರಿಗೆ ಮಾಸ್ಟರ್ ಪ್ಲಾನ್ ಪ್ರಕಾರದ ಭೂಬಳಕೆ ದೃಢೀಕರಣ ಮತ್ತು ರಸ್ತೆ ಅಗಲ ತೋರಿಸುವ ನಕ್ಷೆಯ ಪ್ರತಿ ಕೇಳಿ. ಗದಗ–ಬೆಟಗೇರಿಗೆ, ಹಾವೇರಿಗೆ ಅವರದೇ ಪ್ರಾಧಿಕಾರಗಳಿವೆ. ಮಾಸ್ಟರ್ ಪ್ಲಾನ್‌ಗೆ ಸರ್ಕಾರ ಅಂತಿಮ ಒಪ್ಪಿಗೆ ಕೊಟ್ಟ ದಿನಾಂಕ ಯಾವುದು ಅಂತಲೂ ಬರೆದುಕೊಳ್ಳಿ. ಆ ದಿನಾಂಕ ಮುಂದೆ ಕೆಲಸಕ್ಕೆ ಬರುತ್ತೆ.

ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಹಾಳೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ ಅನ್ನೋ ನಿಯಮ ಇದೆ, ಹಾಗಾಗಿ ಕಥೆ ಬರೆಯಬೇಡಿ. ನಾನು ಬರೆದದ್ದು ಇಷ್ಟೇ: ‘ಸಿ.ಟಿ.ಎಸ್. ನಂಬರ್ ಇಂಥದ್ದರ ಆಸ್ತಿಗೆ ಸಂಬಂಧಿಸಿ, ರಸ್ತೆ ಅಗಲೀಕರಣಕ್ಕಾಗಿ ಭೂಸ್ವಾಧೀನ ಅಧಿಸೂಚನೆ ಹೊರಡಿಸಿದ್ದರೆ ಅದರ ಪ್ರತಿ ಕೊಡಿ. ಹೊರಡಿಸಿಲ್ಲವಾದರೆ ಹಾಗೆಂದು ತಿಳಿಸಿ. ಸ್ಥಳದಲ್ಲಿ ಗುರುತು ಹಾಕಲು ಆದೇಶ ಕೊಟ್ಟ ಕಡತದ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಕೊಡಬೇಕು. ನನಗೆ ಆ ಅವಧಿಯಲ್ಲಿ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಎರಡು ಸಾಲು: ಸದರಿ ಆಸ್ತಿಗೆ ಯಾವುದೇ ಭೂಸ್ವಾಧೀನ ಪ್ರಕ್ರಿಯೆ ಆರಂಭವಾಗಿಲ್ಲ. ಆರು ವರ್ಷ ಬಕೆಟ್ ಇಟ್ಟುಕೊಂಡು ಕೂತಿದ್ದು ಈ ಎರಡು ಸಾಲಿಗೆ. ಅಪ್ಪ ಆ ಕಾಗದವನ್ನು ಕನ್ನಡಕ ತೆಗೆದು, ಮತ್ತೆ ಹಾಕಿ, ಮೂರು ಸಲ ಓದಿದರು.

ಬರೀ ನಕ್ಷೆಯ ಗೆರೆ ಆಗಿದ್ದರೆ

ಹಾಗಾದರೆ ಬದುಕು ನಿಲ್ಲಿಸಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲೇ ಇದೆ: ಮನೆ ಒಳಗಿನ ನಿರ್ವಹಣೆ, ಸುಧಾರಣೆ, ಹೊರಗಿನ ರೂಪ ಹೆಚ್ಚು ಬದಲಾಗದ ರಿಪೇರಿ, ಇವಕ್ಕೆ ಪ್ಲಾನಿಂಗ್ ಅನುಮತಿ ಬೇಕಿಲ್ಲ. ಸೋರುವ ಮಾಳಿಗೆ ಸರಿ ಮಾಡಿಸಿ, ವೈರಿಂಗ್ ಬದಲಿಸಿ, ನೆಲಕ್ಕೆ ಕಲ್ಲು ಹಾಕಿಸಿ. ಹೊಸ ಮಹಡಿ ಎಬ್ಬಿಸುವುದು, ಗೆರೆಯೊಳಗೆ ಹೊಸ ಅಂಗಡಿ ಕಟ್ಟುವುದು ಬೇರೆ ಮಾತು. ಅದಕ್ಕೆ ಅನುಮತಿ ಬೇಕು, ಕೊಡುವಾಗ ರಸ್ತೆ ಗೆರೆ ಬಿಟ್ಟು ಕಟ್ಟಿ ಅನ್ನುತ್ತಾರೆ. ಅನುಮತಿ ಇಲ್ಲದೆ ಕಟ್ಟಿದ ಭಾಗಕ್ಕೆ ಮುಂದೆ ಪರಿಹಾರ ಕೇಳೋದು ಕಷ್ಟ, ಅದರಲ್ಲಿ ದುಡ್ಡು ಹಾಕಬೇಡಿ.

ಈಗ, ಬರೆದುಕೊಳ್ಳಿ ಅಂದಿದ್ದ ಮಾಸ್ಟರ್ ಪ್ಲಾನ್ ಒಪ್ಪಿಗೆ ದಿನಾಂಕದ ವಿಷಯ. ಇದೇ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಮಾಸ್ಟರ್ ಪ್ಲಾನ್‌ನಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಅಂತ ಗುರುತಿಸಿದ ಜಾಗವನ್ನು ಐದು ವರ್ಷದಲ್ಲಿ ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಶುರು ಮಾಡದಿದ್ದರೆ ಆ ಗುರುತಿಸುವಿಕೆ ಬಿದ್ದುಹೋಗುತ್ತೆ. ಖಾಸಗಿ ಜಾಗಕ್ಕೆ ಪಾರ್ಕ್, ಬಯಲು ಜಾಗ ಅಂತ ಹಸಿರು ಬಣ್ಣ ಹಾಕಿ ಸುಮ್ನೆ ಬಿಟ್ಟ ಪ್ರಕರಣಗಳಲ್ಲಿ ಹೈಕೋರ್ಟ್ ಇದರ ಮೇಲೆ ಮಾಲೀಕರ ಪರ ಆದೇಶ ಕೊಟ್ಟಿದೆ. ನಿಮ್ಮದು ಅಂಥ ಜಾಗವಾದರೆ ಈ ಸೆಕ್ಷನ್ ಗಟ್ಟಿ ಆಸರೆ. ರಸ್ತೆ ಗೆರೆ ಆದರೆ ಇದೊಂದನ್ನೇ ನಂಬಿ ಕೂರಬೇಡಿ, ನಕ್ಷೆ ಹಿಡಿದು ವಕೀಲರ ಜೊತೆ ಕೂತು ಮಾತಾಡಿ. ಕೊಲ್ಹಾಪುರ, ಸೊಲ್ಲಾಪುರದ ಬೀಗರು ‘ಹತ್ತು ವರ್ಷ ಕಾಯಬೇಕು, ಆಮೇಲೆ ನೋಟಿಸ್ ಕೊಡಬೇಕು’ ಅಂತ ಹೇಳಿದರೆ ಅದು ಮಹಾರಾಷ್ಟ್ರದ ಕಾಯ್ದೆ. ನಮ್ಮದು ಬೇರೆ.

ಹೊಸ ಮಾಸ್ಟರ್ ಪ್ಲಾನ್ ಕರಡು ಬಂದಾಗ ಮಾತ್ರ ನಿದ್ದೆ ಮಾಡಬೇಡಿ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ಕರಡು ಪ್ರಕಟ ಆದ ಮೇಲೆ ಆಕ್ಷೇಪಣೆಗೆ 60 ದಿನ ಸಿಗುತ್ತೆ. ಆ ದಿನಗಳಲ್ಲಿ ನಕ್ಷೆಯನ್ನು ಕಚೇರಿಯಲ್ಲಿ ಹೋಗಿ ನೋಡಬಹುದು. ನೋಡಲೇಬೇಕು. ‘ನಮಗೆ ಅನ್ಯಾಯ ಆಗುತ್ತೆ’ ಅಂತ ಬರೆದರೆ ಪ್ರಯೋಜನ ಇಲ್ಲ. ಸಿ.ಟಿ.ಎಸ್. ನಂಬರ್, ಈಗಿನ ರಸ್ತೆ ಅಗಲ, ಎಷ್ಟು ಮನೆ ಹೋಗುತ್ತವೆ, ಪಕ್ಕದ ಯಾವ ರಸ್ತೆ ಈಗಾಗಲೇ ಅಗಲ ಇದೆ, ಇಷ್ಟನ್ನು ಬರೆಯಿರಿ. ಓಣಿಯವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕೋದಕ್ಕಿಂತ ಮನೆಗೊಂದು ಅರ್ಜಿ ಕೊಟ್ಟು, ಒಬ್ಬೊಬ್ಬರೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಒಳ್ಳೆಯದು. ಸೀಲ್ ಇಲ್ಲದ ಅರ್ಜಿ ಕೊಟ್ಟಿಲ್ಲದ ಹಾಗೇ.

ಒತ್ತುವರಿ ಅಂತ ಹೇಳಿದರೆ

ಪ್ರಾಮಾಣಿಕವಾಗಿ ಅಳೆಸಿ. ನಮ್ಮ ಹಳೇ ಓಣಿಗಳಲ್ಲಿ ಕಟ್ಟೆ ಒಂದೆರಡು ಅಡಿ ಮುಂದೆ ಬಂದಿರೋದು ಸಾಮಾನ್ಯ, ಅಷ್ಟು ಜಾಗಕ್ಕೆ ಪರಿಹಾರ ಸಿಗಲ್ಲ. ಆದರೆ ಒತ್ತುವರಿ ನೆಪದಲ್ಲಿ ಇಡೀ ಪಡಸಾಲೆ ಕೆಡವೋ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮಹಾರಾಜಗಂಜ್‌ನ ಒಂದು ಪ್ರಕರಣದಲ್ಲಿ, ರಸ್ತೆ ಅಗಲ ಮಾಡಲು ಸರಿಯಾದ ನೋಟಿಸ್ ಇಲ್ಲದೆ ಮನೆ ಕೆಡವಿದ್ದಕ್ಕೆ ಮಾಲೀಕರಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಅಂತ ಆದೇಶಿಸಿತು. ರಸ್ತೆ ಅಗಲ ಮಾಡುವಾಗ ಎಲ್ಲ ರಾಜ್ಯಗಳೂ ಏನೇನು ಮಾಡಬೇಕು ಅಂತಲೂ ಹೇಳಿತು. ಮೊದಲು ದಾಖಲೆ ಪ್ರಕಾರ ಈಗಿನ ರಸ್ತೆ ಅಗಲ ಎಷ್ಟು ಅಂತ ನೋಡಬೇಕು, ಸರ್ವೆ ಮಾಡಬೇಕು, ಒತ್ತುವರಿ ಕಂಡರೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು, ಆಕ್ಷೇಪಣೆ ಬಂದರೆ ಕಾರಣ ಬರೆದು ಆದೇಶ ಮಾಡಬೇಕು. ಆದೇಶ ಆದ ಮೇಲೂ ತೆರವಿಗೆ ಸಮಯ ಕೊಡಬೇಕು. ಇನ್ನೂ ಜಾಸ್ತಿ ಜಾಗ ಬೇಕೆಂದರೆ ಕಾನೂನು ಪ್ರಕಾರ ಸ್ವಾಧೀನ ಮಾಡಿಕೊಳ್ಳಬೇಕು. ಗುರುತು ಹಾಕಲು ಬಂದವರ ಜೊತೆ ಜಗಳ ಬೇಡ. ‘ನೋಟಿಸ್ ಕೊಡಿ, ಉತ್ತರ ಕೊಡ್ತೀವಿ’ ಅನ್ನಿ, ಅವರು ಅಳೆಯೋದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ನಿಜವಾಗಿ ಸ್ವಾಧೀನ ಶುರುವಾಗಿದ್ದರೆ

ಇಲ್ಲಿಂದ ದಿನಗಳ ಲೆಕ್ಕ. ಕ್ಯಾಲೆಂಡರ್ ಗೋಡೆಗೆ ಹಾಕಿ ದಿನಾಂಕ ಗುರುತು ಮಾಡಿ.

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ 11ನೇ ಸೆಕ್ಷನ್ನಿನ ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬಹುದು, ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಬಹುದು. ರಾಷ್ಟ್ರೀಯ ಹೆದ್ದಾರಿ ಆದರೆ ಅದರ ಕಾಯ್ದೆಯೇ ಬೇರೆ, 3-ಎ ಅಧಿಸೂಚನೆ ಬಂದ ಮೇಲೆ ಬರೀ 21 ದಿನ. ಬೈಪಾಸ್ ಪಕ್ಕದವರು, ಗದಗ ರಸ್ತೆಯವರು, ಹಾವೇರಿ ಕಡೆ ಹೆದ್ದಾರಿ ಬದಿಯವರು ಇದನ್ನು ನೆನಪಿಡಿ. ಹೆದ್ದಾರಿ ಪರಿಹಾರ ಕಡಿಮೆ ಅನಿಸಿದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಪ್ರಾಥಮಿಕ ಅಧಿಸೂಚನೆ ಆದ ಮೇಲೆ 2013ರ ಕಾಯ್ದೆಯಡಿ ಆ ಜಾಗ ಮಾರುವ, ಕೊಳ್ಳುವ ಹಾಗಿಲ್ಲ. ಅದಕ್ಕೇ ಕೆಲವರು ಅಧಿಸೂಚನೆ ಬರೋ ಸುಳಿವು ಸಿಕ್ಕ ಕೂಡಲೇ ಬಂದು ಕಡಿಮೆ ರೇಟಿಗೆ ಬರೆಸಿಕೊಳ್ಳಲು ನೋಡುತ್ತಾರೆ. ಪರಿಹಾರ ಆಮೇಲೆ ಅವರ ಜೇಬಿಗೆ.

ಪರಿಹಾರದ ಲೆಕ್ಕ ಕಷ್ಟದ್ದಲ್ಲ. ಜಾಗದ ಮಾರುಕಟ್ಟೆ ಬೆಲೆ, ಅದರ ಮೇಲಿನ ಮನೆ, ಗಿಡ, ಬೋರ್‌ವೆಲ್ ಬೆಲೆ, ಎರಡನ್ನೂ ಕೂಡಿಸಿ ಅಷ್ಟೇ ಮೊತ್ತವನ್ನು ಸಾಂತ್ವನ ಧನ ಅಂತ ಮತ್ತೊಮ್ಮೆ ಸೇರಿಸಬೇಕು. ಊರೊಳಗಿನ ಜಾಗ 20 ಲಕ್ಷ, ಕಟ್ಟಡ 10 ಲಕ್ಷ ಅಂದುಕೊಳ್ಳಿ. 30 ಆಯಿತು, ಸಾಂತ್ವನ ಧನ ಇನ್ನೊಂದು 30, ಒಟ್ಟು 60 ಲಕ್ಷ. ಇದರ ಜೊತೆಗೆ ಜಾಗದ ಬೆಲೆ ಮೇಲೆ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ ಇದೆ. ‘ಸರ್ಕಾರ ಏನೂ ಕೊಡಲ್ಲ, ನನಗೆ 15 ಲಕ್ಷಕ್ಕೆ ಕೊಟ್ಟುಬಿಡು’ ಅನ್ನುವವರ ಮುಂದೆ ಈ ಲೆಕ್ಕ ಇಡಿ.

ಮಾರುಕಟ್ಟೆ ಬೆಲೆ ಹೇಗೆ ತೆಗೆಯುತ್ತಾರೆ ಅನ್ನೋದೇ ಮುಖ್ಯ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಒಂದು. ಹಿಂದಿನ ಮೂರು ವರ್ಷದಲ್ಲಿ ಹತ್ತಿರದ ಅಂಥದೇ ಜಾಗಗಳ ಖರೀದಿ ಪತ್ರಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ತೆಗೆದುಕೊಂಡು ಮಾಡಿದ ಸರಾಸರಿ ಇನ್ನೊಂದು. ಇವುಗಳಲ್ಲಿ ಯಾವುದು ಹೆಚ್ಚೋ ಅದು. ಆದರೆ ನಮ್ಮವರು ಸ್ಟಾಂಪ್ ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿಬಿಡುತ್ತಾರೆ ಅಲ್ವಾ, ಆ ಕಡಿಮೆ ಈಗ ಇಡೀ ಓಣಿಗೆ ಹೊಡೆತ ಕೊಡುತ್ತೆ. ಹಾಗಾಗಿ ಬ್ಯಾಂಕ್ ಸಾಲದ ಮೇಲೆ ಪೂರ್ತಿ ಬೆಲೆಗೆ ನೋಂದಣಿ ಆದ ಪತ್ರಗಳು ಹತ್ತಿರದಲ್ಲಿ ಯಾವುವು ಅಂತ ಹುಡುಕಿ, ದೃಢೀಕೃತ ಪ್ರತಿ ತೆಗೆಸಿ, ನೀವೇ ಅಧಿಕಾರಿಗೆ ಕೊಡಿ. ಮನೆಯ ಬೆಲೆಗೆ ನಿಮ್ಮದೇ ಎಂಜಿನಿಯರ್ ಕರೆಸಿ ಅಂದಾಜು ಮಾಡಿಸಿ. ಸಾಗವಾನಿ ತೊಲೆ, ಕಲ್ಲಿನ ಕಂಬ, ಹಿತ್ತಲ ಬಾವಿ, ಪೇರಲ ಗಿಡ, ಎಲ್ಲವೂ ಪಂಚನಾಮೆಯಲ್ಲಿ ಬರಬೇಕು. ಜಂಟಿ ಅಳತೆ ದಿನ ಮನೆಯಲ್ಲಿ ಇರಿ. ಖಾಲಿ ಜಾಗ ಬಿಟ್ಟ ಪಂಚನಾಮೆಗೆ ಸಹಿ ಹಾಕಬೇಡಿ.

ಅರ್ಧ ಮನೆ ಮಾತ್ರ ಹೋಗುತ್ತೆ ಅಂದಾಗ ಏನು ಮಾಡಬೇಕು ಅಂತ ಬಹಳ ಜನರಿಗೆ ಗೊತ್ತಿಲ್ಲ. 2013ರ ಕಾಯ್ದೆಯ 94ನೇ ಸೆಕ್ಷನ್ ನೋಡಿ. ಮನೆಯ ಒಂದು ಭಾಗ ಮಾತ್ರ ತಗೊಂಡರೆ ಸಾಲದು, ಪೂರ್ತಿ ತಗೊಳ್ಳಿ ಅಂತ ಮಾಲೀಕರು ಕೇಳಬಹುದು. ಪಡಸಾಲೆ ಹೋದ ಮೇಲೆ ಉಳಿಯೋದು ಗಾಳಿ ಬೆಳಕಿಲ್ಲದ ಅಡುಗೆಮನೆ ಮತ್ತು ಬಚ್ಚಲು ಆದರೆ ಅದನ್ನಿಟ್ಟುಕೊಂಡು ಏನು ಮಾಡೋದು? ಪರಿಹಾರದ ಆದೇಶ ಆಗುವ ಮೊದಲೇ ಬರೆದು ಕೊಡಿ.

ಸಾಮಾನ್ಯವಾಗಿ ಹಣ ಪೂರ್ತಿ ಕೊಟ್ಟ ಮೇಲೆಯೇ ಸ್ವಾಧೀನ ಪಡೆಯಬೇಕು. ಮನೆಯೇ ಹೋಗುವ ಕುಟುಂಬಕ್ಕೆ ಪುನರ್ವಸತಿ ಬೇರೆ ಇದೆ: ಊರಿನಲ್ಲಾದರೆ ಕನಿಷ್ಠ 50 ಚದರ ಮೀಟರ್ ಮನೆ ಅಥವಾ ಅದರ ಬದಲಿಗೆ ಹಣ, ಸಾಮಾನು ಸಾಗಿಸಲು 50,000, ಒಂದು ವರ್ಷ ತಿಂಗಳಿಗೆ 3,000. ಮೊತ್ತ ಕಡಿಮೆ ಅನಿಸಿದರೆ ಹಣ ಬಿಡಬೇಕಿಲ್ಲ, ಆದರೆ ರಸೀದಿಯಲ್ಲಿ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಅಂತ ಕೈಯಾರೆ ಬರೆದು ಸಹಿ ಮಾಡಿ. ಇದನ್ನು ಬರೆಯದೆ ಹಣ ಪಡೆದರೆ ಹೆಚ್ಚಿನ ಪರಿಹಾರ ಕೇಳೋ ಹಕ್ಕು ಹೋಗುತ್ತೆ. ಆದೇಶದ ದಿನ ನೀವು ಅಲ್ಲೇ ಇದ್ದರೆ ಅಲ್ಲಿಂದ ಆರು ವಾರದೊಳಗೆ 64ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು.

ನಗದು ಬದಲು ಟಿ.ಡಿ.ಆರ್. ತಗೊಳ್ಳಿ ಅಂತಲೂ ಹೇಳುತ್ತಾರೆ. ಜಾಗವನ್ನು ಉಚಿತವಾಗಿ ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಹೆಚ್ಚುವರಿ ಕಟ್ಟುವ ಹಕ್ಕಿನ ಪತ್ರ ಸಿಗುತ್ತೆ, ಅದನ್ನು ನೀವೇ ಬಳಸಬಹುದು ಅಥವಾ ಮಾರಬಹುದು. ಇದು ನಿಮ್ಮ ಒಪ್ಪಿಗೆ ಮೇಲೆ ನಡೆಯೋದು. ದೊಡ್ಡ ಜಾಗ ಉಳಿದು ಮೇಲೆ ಕಟ್ಟುವ ಶಕ್ತಿ ಇದ್ದವರಿಗೆ ಲಾಭ ಇರಬಹುದು. ಎರಡು ಕೋಣೆಯ ಮನೆಯವರಿಗೆ ನಾನು ನಗದೇ ಕೇಳಿ ಅನ್ನುತ್ತೇನೆ. ಕೊಳ್ಳುವ ಬಿಲ್ಡರ್ ಸಿಗೋವರೆಗೆ ಅದು ಪೆಟ್ಟಿಗೆಯಲ್ಲಿರುವ ಕಾಗದ.

ಉತಾರದಲ್ಲಿ ಯಾರ ಹೆಸರಿದೆ?

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಬಹುಶಃ ಇದೇ. ನಮ್ಮ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ತೀರಿಕೊಂಡು ಇಪ್ಪತ್ತು ವರ್ಷ ಆಗಿತ್ತು. ನೋಟಿಸ್ ಬಂದರೂ ಅಜ್ಜನ ಹೆಸರಿಗೇ ಬರೋದು. ವಾರಸುದಾರರ ನಡುವೆ ತಕರಾರು ಇದ್ದರೆ ಹಣ ನಿಮ್ಮ ಖಾತೆಗೆ ಬರಲ್ಲ, 2013ರ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತೆ, ಬಿಡಿಸಿಕೊಳ್ಳಲು ವರ್ಷಗಳು ಬೇಕು. ಮರಣ ಪತ್ರ, ವಂಶಾವಳಿ ಹಿಡಿದು ವಾರಸಾ ಮಾಡಿಸಿ, ಅಂದರೆ ಉತಾರಕ್ಕೆ ವಾರಸುದಾರರ ಹೆಸರು ಹಾಕಿಸಿ. ಸೋದರತ್ತೆಯರ ಹೆಸರು ಬಿಡಬೇಡಿ, ಅವರಿಗೂ ಪಾಲಿದೆ. ನಾವು ಸೋದರತ್ತೆಯರಿಬ್ಬರನ್ನೂ ಗದಗಿನಿಂದ ಕರೆಸಿ, ಅದೇ ಪಡಸಾಲೆಯಲ್ಲಿ ಕೂತು ಮಾತಾಡಿ ಮುಗಿಸಿದೆವು. ಆ ಹೊತ್ತಿಗೆ ಮಾಳಿಗೆ ರಿಪೇರಿ ಆಗಿತ್ತು. ಬಾಣವನ್ನು ನಾವು ಅಳಿಸಲಿಲ್ಲ. ಫೋಟೊ ತೆಗೆದು, ಹಿಂದೆ ದಿನಾಂಕ ಬರೆದು ಮಾಹಿತಿ ಹಕ್ಕಿನ ಆ ಉತ್ತರದ ಜೊತೆ ಫೈಲಿನಲ್ಲಿ ಇಟ್ಟಿದ್ದೇವೆ.

ನೋಟಿಸ್ ಇಲ್ಲದೆ ಕೆಡವಲು ಬರುತ್ತಾರೆ ಅನ್ನೋ ಸ್ಥಿತಿ ಬಂದರೆ ಬೆಂಗಳೂರಿಗೆ ಓಡಬೇಕಿಲ್ಲ. ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ, ಗದಗ, ಹಾವೇರಿಯವರಿಗೂ ಅದೇ. ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನುವವರು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಮನೆ ಅವ್ವನ ಹೆಸರಲ್ಲಿದ್ದರೆ ಅರ್ಜಿಗೆ ಅವರೇ ಸಹಿ ಹಾಕಲಿ. ಹೋಗುವಾಗ ಉತಾರ, ಖರೀದಿ ಪತ್ರ, ಕರದ ರಸೀದಿ, ಹೆಸ್ಕಾಂ ಬಿಲ್ಲು, ಗುರುತಿನ ಫೋಟೊ, ಮತ್ತು ಸೀಲ್ ಬಿದ್ದ ಎಲ್ಲ ಅರ್ಜಿಗಳ ಎರಡೆರಡು ಜೆರಾಕ್ಸ್ ತಗೊಂಡು ಹೋಗಿ.